ನೆಬ್ರಾಸ್ಕದ ಹಳೆಯ ಒಲೆಗಳು

ನನ್ನ ಹಿರಿಯ ಮಗಳು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನಡುಭಾಗದಲ್ಲಿರುವ ನೆಬ್ರಾಸ್ಕವೆಂಬ ಸಂಸ್ಥಾನದಲ್ಲಿ, ಲಿಂಕನ್ ಎಂಬ ಪಟ್ಟಣದಲ್ಲಿ, ತನ್ನ ಪತಿಯೊಡನೆ ನೆಲಸಿ ಆರು ವರ್ಷಗಳಾದುವು. ಉಪಾಧ್ಯಾಯ ವೃತ್ತಿಯಿಂದ ನಾನು ನಿವೃತ್ತನಾದ ಬಳಿಕ, ಕಳೆದ ವರ್ಷ ಮೇ ತಿಂಗಳಿನಲ್ಲಿ, ನಾನೂ ನನ್ನ ಸಹಧರ್ಮಿಣಿಯೂ ಆಕೆಯ ಮನೆಗೆ ಹೋಗಿ ಮೂರು ತಿಂಗಳಿದ್ದು ಬಂದೆವು. ನಯಾಗರದ ಜಲಪಾತವನ್ನೂ ನ್ಯೂಯಾರ್ಕಿನ ಮುಗಿಲುಮುಟ್ಟುವ ಸೌಧಗಳನ್ನೂ ಕಂಡು ಬಂದು ಬರೆದವರು ಬೇಕಾದಷ್ಟು ಮಂದಿ ಇರುವರು. ನಾನು ಬರೆಯ ಹೊರಟಿರುವುದು ಒಲೆಗಳ ವಿಚಾರ. ಒಲೆಯನ್ನು ನೋಡುವುದಕ್ಕೆ ಸಮುದ್ರಗಳನ್ನು ದಾಟಬೇಕಾಗಿತ್ತೆ ಎಂದು ವಾಚಕರು ನಗಬಹುದು. ನಮ್ಮ ಮನೆಯ ಒಲೆಯನ್ನೇ ನಾನು ಸರಿಯಾಗಿ ಕಂಡುದು ಅಲ್ಲಿಗೆ ಹೋದಮೇಲೆ ಎಂಬುದನ್ನು ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ.

ಮಗಳ ಅಡಿಗೆಮನೆಯಲ್ಲಿ ಬೆಂಕಿಯೆಂಬುದೇ ಕಣ್ಣಿಗೆ ಬೀಳದು. ಕಪ್ಪುಗಾಜಿನ ಹಲಗೆಯೊಂದರ ಮೇಲೆ ಪಾತ್ರೆಯನ್ನಿಟ್ಟು ಬೆರಳಿನಿಂದ ಮುಟ್ಟಿದರೆ ಹಾಲು ಉಕ್ಕುತ್ತದೆ. ಮೊದಲನೆಯ ವಾರವೆಲ್ಲ ನಾನು ಊಟಕ್ಕೆ ಕುಳಿತಾಗಲೆಲ್ಲ, ಸೌದೆಯ ಒಲೆಯ ಮೇಲೆ ಕುದಿದ ಸಾರಿನ ರುಚಿಯೇ ಬೇರೆ, ಅಗ್ನಿಯನ್ನು ಕಾಣದ ಮನೆಯಲ್ಲಿ ಗೃಹಸ್ಥಧರ್ಮವೆಲ್ಲಿಯದು, ಎಂದು ಉಪನ್ಯಾಸ ಮಾಡುತ್ತಿದ್ದೆನು. ಮಗಳು ನಕ್ಕು ಸುಮ್ಮನಾಗುವಳು. ನನ್ನ ಸಹಧರ್ಮಿಣಿ ನಗುತ್ತಲೂ ಇರಲಿಲ್ಲ, ಮಾತನ್ನೂ ಆಡುತ್ತಿರಲಿಲ್ಲ. ಒಂದು ದಿನ ಅಳಿಯನು, "ಮಾವ, ಈ ದೇಶದವರೂ ಒಂದು ಕಾಲದಲ್ಲಿ ಸಗಣಿಯನ್ನು ಉರಿಸಿ ಅಡಿಗೆ ಮಾಡಿಕೊಂಡವರೇ. ಬನ್ನಿ, ಆ ಜಾಗವನ್ನೇ ತೋರಿಸುತ್ತೇನೆ" ಎಂದನು. ಹೀಗೆ ನಮ್ಮ ಒಲೆಯ ಯಾತ್ರೆ ಆರಂಭವಾಯಿತು.

ಲಿಂಕನ್ನಿನಿಂದ ಪಶ್ಚಿಮಕ್ಕೆ ಸುಮಾರು 130 ಮೈಲಿ ಹೋದರೆ ಕಾರ್ನಿ ಎಂಬ ಊರು. ದಾರಿಯ ಕೊನೆಯ ಭಾಗ ಪ್ಲಾಟ್ ನದಿಯ ಕಣಿವೆಯಲ್ಲಿ ಸಾಗುತ್ತದೆ. ನಮ್ಮ ಕಾವೇರಿ ಹೇಮಾವತಿಗಳನ್ನು ಕಂಡವರಿಗೆ ಇದು ನದಿಯೆಂದೇ ತೋರುವುದಿಲ್ಲ. ಮರಳಿನ ದಿಬ್ಬಗಳ ನಡುವೆ ಹತ್ತಾರು ಕವಲಾಗಿ, ಅಂಗಾಲು ನೆನೆಯುವಷ್ಟೇ ಆಳವಾಗಿ, ಅಗಲವಾಗಿ ಹರಡಿಕೊಂಡು ಹರಿಯುತ್ತದೆ. ಸುತ್ತಲೂ ಸಮತಟ್ಟಾದ ಬಯಲು. ಊರಿನಿಂದ ಕೆಲವು ಮೈಲಿ ಆಗ್ನೇಯಕ್ಕೆ, ನದಿಯ ದಕ್ಷಿಣದ ದಡದ ಬಳಿ, ಕಾರ್ನಿ ಕೋಟೆಯಿದ್ದ ಸ್ಥಳವನ್ನು ಕಾಪಾಡಿಕೊಂಡಿದ್ದಾರೆ. ಕೋಟೆಯೆಂದರೆ ನಮ್ಮ ಚಿತ್ರದುರ್ಗದಂತಹುದಲ್ಲ. 1848ರಲ್ಲಿ ಸೈನ್ಯದವರು ಹಾಕಿ 1871ರಲ್ಲಿ ಬಿಟ್ಟುಹೋದ ಒಂದು ಠಾಣೆ. ಪೂರ್ವದ ಮಿಸೌರಿ ನದಿಯ ತೀರದಿಂದ ಹೊರಟು ಪಶ್ಚಿಮದ ಆರೆಗಾನ್, ಕ್ಯಾಲಿಫೋರ್ನಿಯಗಳಿಗೆ ಗಾಡಿ ಕಟ್ಟಿಕೊಂಡು ಹೋದ ಮೂರು ಲಕ್ಷಕ್ಕೂ ಮೀರಿದ ಜನರಲ್ಲಿ ಬಹುಮಂದಿ 1840ರಿಂದ 1870ರೊಳಗೆ ಈ ಬಯಲನ್ನು ಹಾದುಹೋದರು. ದಾರಿ ಸುಮಾರು 2000 ಮೈಲಿ. ದಿನಕ್ಕೆ ಸುಮಾರು 15 ಮೈಲಿಯಂತೆ ಎತ್ತಿನ ಗಾಡಿ ನಡೆದರೆ ನಾಲ್ಕರಿಂದ ಆರು ತಿಂಗಳ ಪ್ರಯಾಣ.

ಅಷ್ಟು ದಿನಗಳ ಊಟವನ್ನೆಲ್ಲ ಗಾಡಿಯಲ್ಲಿಯೇ ಹೊತ್ತುಕೊಂಡು ಹೋಗಬೇಕಾಗಿತ್ತು. ರ‍್ಯಾಂಡಾಲ್ಫ್ ಮಾರ್ಸಿ ಎಂಬ ಸೇನಾಧಿಕಾರಿಯು 1859ರಲ್ಲಿ ಇಂತಹ ಪ್ರಯಾಣಿಕರಿಗಾಗಿಯೇ ಒಂದು ಕೈಪಿಡಿಯನ್ನು ಪ್ರಕಟಿಸಿದನು. ಅದರಲ್ಲಿ ಪ್ರಾಯಸ್ಥನೊಬ್ಬನಿಗೆ 110 ದಿನಗಳಿಗೆ ಬೇಕಾಗುವ ಸಾಮಗ್ರಿಯ ಲೆಕ್ಕವನ್ನು ಕೊಟ್ಟಿರುವನು: ಗೋಧಿಯ ಹಿಟ್ಟು 150 ಪೌಂಡು, ಉಪ್ಪಿನಲ್ಲಿ ಹದಮಾಡಿದ ಮಾಂಸ 25 ಪೌಂಡು, ಕಾಫಿ 15 ಪೌಂಡು, ಸಕ್ಕರೆ 25 ಪೌಂಡು, ಇವುಗಳ ಜೊತೆಗೆ ಉಪ್ಪು, ಮೆಣಸು, ರೊಟ್ಟಿಯನ್ನು ಉಬ್ಬಿಸುವ ಸೋಡಾದಂತಹ ಪುಡಿ. ನನ್ನ ಸಹಧರ್ಮಿಣಿ ಈ ಪಟ್ಟಿಯನ್ನು ಕೇಳಿ ಬೆರಳು ಮಡಿಸಿ ಲೆಕ್ಕ ಹಾಕಿ, "ಹಿಟ್ಟು ದಿನಕ್ಕೆ ಮೂರು ಪಾವಾದರೂ ಆಯಿತು. ಆದರೆ ಬೇಳೆಯಿಲ್ಲ, ತರಕಾರಿಯಿಲ್ಲ. ನೂರ ಹತ್ತು ದಿನವೂ ಅದೇ ರೊಟ್ಟಿ, ಅದೇ ಕಾಫಿ" ಎಂದಳು. ವಾಸ್ತವವಾಗಿ ಒಣಗಿಸಿದ ಸೇಬು, ಹುರುಳಿಯಂತಹ ಕಾಳು, ಅಕ್ಕಿ ಇವುಗಳನ್ನು ಕೆಲವರು ಒಯ್ಯುತ್ತಿದ್ದರು. ಹಸುವಿದ್ದವರಿಗೆ ಹಾಲೂ ದೊರೆಯುತ್ತಿತ್ತು. ಬೆಳಗ್ಗೆ ಕರೆದು ಮಿಕ್ಕ ಹಾಲನ್ನು ಮುಚ್ಚಳದ ಪಾತ್ರೆಯಲ್ಲಿ ಹಾಕಿ ಗಾಡಿಗೆ ತೂಗುಬಿಟ್ಟರೆ, ದಾರಿಯ ಕುಲುಕಾಟಕ್ಕೆ ಸಂಜೆಯ ಹೊತ್ತಿಗೆ ಅದರಲ್ಲಿ ಬೆಣ್ಣೆಯ ಉಂಡೆ ತೇಲುತ್ತಿತ್ತಂತೆ. ಆ ಪ್ರಯಾಣದಲ್ಲಿ ಹೆಂಗಸರಿಗೆ ತಾನಾಗಿ ಆಗುತ್ತಿದ್ದ ಕೆಲಸವೆಂದರೆ ಇದೊಂದೇ ಎಂದು ತೋರುತ್ತದೆ.

ಈ ಬಯಲಿನಲ್ಲಿ ಸೌದೆಗೆ ಮರವಿರಲಿಲ್ಲ. ಇದ್ದುದು ಬೈಸನ್ ಎಂಬ ಕಾಡುದನಗಳ ಮಂದೆ. ಅವು ಹಾಕಿದ ಸಗಣಿ ಬಿಸಿಲಿಗೆ ಒಣಗಿ ಬಿಲ್ಲೆಯಂತಾಗಿ ಬಯಲಿನ ತುಂಬ ಬಿದ್ದಿರುತ್ತಿತ್ತು. ಪೂರ್ವದ ಪಟ್ಟಣಗಳಿಂದ ಹೊರಟ ಗೃಹಿಣಿಯರು ಮೊದಲು ಇದನ್ನು ಮುಟ್ಟಲು ಹೇಸಿದರಾದರೂ, ಬೇರೆ ಗತಿಯಿಲ್ಲದೆ ಕೆಲವೇ ದಿನಗಳಲ್ಲಿ ಮಕ್ಕಳೊಡನೆ ತಾವೂ ಮಡಿಲಿನ ಬಟ್ಟೆಯಲ್ಲಿ ಅದನ್ನು ಆಯ್ದು ತುಂಬಿಕೊಳ್ಳುತ್ತಿದ್ದರು. ಒಣಗಿದ್ದರೆ ಚೆನ್ನಾಗಿ ಉರಿಯುತ್ತಿತ್ತು. ಮಳೆ ಬಂದರೆ ಆ ದಿನ ತಣ್ಣಗಿನ ಊಟ. ಬಯಲಿನ ಗಾಳಿಗೆ ಉರಿ ಚದರದಂತೆ ನೆಲದಲ್ಲಿ ಕಿರಿದಾದ ಉದ್ದನೆಯ ಗುಂಡಿಯನ್ನು ತೋಡಿ, ಅದರಲ್ಲಿ ಬೆಂಕಿ ಹಾಕಿ, ಪಾತ್ರೆಯನ್ನು ಎರಡು ಅಂಚುಗಳ ಮೇಲೆ ಕೂಡಿಸುತ್ತಿದ್ದರು. ನಮ್ಮ ಮದುವೆಯ ಮನೆಗಳಲ್ಲಿ ಹಿತ್ತಿಲಿನಲ್ಲಿ ತೋಡುತ್ತಿದ್ದ ಒಲೆಯೂ ಇದೇ ಮಾದರಿಯದು. ಬೆರಣಿಯ ವಿಷಯವನ್ನಂತೂ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಹಿಗ್ಗಿ, "ನೋಡಿದಿರಾ, ಮನುಷ್ಯಬುದ್ಧಿ ಎಲ್ಲೆಲ್ಲಿಯೂ ಒಂದೇ" ಎಂದೆನು. ಮಗಳು, "ಅಪ್ಪ, ಹದಿನೈದು ಮೈಲಿ ನಡೆದ ಮೇಲೆ ಗಂಡಸರು ಎತ್ತುಗಳನ್ನು ಬಿಚ್ಚಿ ಮೇಯಿಸಿ ಮಲಗಬಹುದಾಗಿತ್ತು. ಇವರು ಆಗ ಸಗಣಿ ಆಯಲು ಹೊರಡಬೇಕಾಗಿತ್ತು" ಎಂದಳು. ಆ ಮಾತು ಆಗ ನನ್ನ ಕಿವಿಯಲ್ಲಿ ನಿಲ್ಲಲಿಲ್ಲ.

ಲಿಂಕನ್ನಿಗೆ ಮರಳಿದ ಮೇಲೆ ಈ ಪ್ರಸಂಗವನ್ನು ಮಗಳು ನೆರೆಮನೆಯ ವೃದ್ಧೆಯೊಬ್ಬರಿಗೆ ಹೇಳಿದಳು. ಎಂಬತ್ತು ದಾಟಿದ ಆ ತಾಯಿ ಮರುದಿನವೇ ನಮ್ಮನ್ನು ತಮ್ಮ ಹಿತ್ತಿಲಿಗೆ ಕರೆದು, ತಮ್ಮ ಅಜ್ಜಿಯ ಕಾಲದ ಕಬ್ಬಿಣದ ಪಾತ್ರೆಯೊಂದನ್ನು ಹೊರತೆಗೆದರು. ಎರಕದ ದಪ್ಪ ಕಬ್ಬಿಣ; ಅಡಿಯಲ್ಲಿ ಮೂರು ಗಿಡ್ಡ ಕಾಲು; ಹಿಡಿಯುವುದಕ್ಕೆ ತಂತಿಯ ಕೈ; ಮುಚ್ಚಳದ ಸುತ್ತಲೂ ಎತ್ತರವಾದ ಅಂಚು. ಇದನ್ನು ಅವರು ಡಚ್ ಅವನ್ ಎನ್ನುತ್ತಾರೆ. ಮುಸುಕಿನ ಜೋಳದ ಹಿಟ್ಟಿಗೆ ಉಪ್ಪು, ಮಜ್ಜಿಗೆ, ಸೋಡಾ ಸೇರಿಸಿ ಕಲಸಿ, ನಮ್ಮ ನಿಯಮವನ್ನು ಕೇಳಿ ತಿಳಿದು ಮೊಟ್ಟೆಯನ್ನು ಬಿಟ್ಟು, ಬೆಣ್ಣೆ ಸವರಿದ ಆ ಪಾತ್ರೆಯಲ್ಲಿ ಹಾಕಿದರು. ಪಾತ್ರೆಯ ಕೆಳಗೆ ಸ್ವಲ್ಪ ಕೆಂಡ, ಮುಚ್ಚಳದ ಮೇಲೆ ಅದರ ಎರಡರಷ್ಟು ಕೆಂಡ. ಮುಚ್ಚಳದ ಅಂಚು ಎತ್ತರವಾಗಿರುವುದು ಕೆಂಡ ಜಾರದಿರಲೆಂದೇ. ಕೆಳಗಿನ ಶಾಖ ಹೆಚ್ಚಾದರೆ ತಳ ಸೀದುಹೋಗುತ್ತದೆ. ಆದುದರಿಂದ ಬೇಯಿಸುವ ಕೆಲಸವನ್ನೆಲ್ಲ ಮೇಲಿನ ಕೆಂಡವೇ ಮಾಡಬೇಕು. ಕಾಲುಗಂಟೆಗೊಮ್ಮೆ ಪಾತ್ರೆಯನ್ನು ಒಂದು ಕಡೆಗೂ ಮುಚ್ಚಳವನ್ನು ಇನ್ನೊಂದು ಕಡೆಗೂ ತಿರುಗಿಸುತ್ತಿದ್ದರು. ಗಡಿಯಾರವನ್ನು ನೋಡದೆ ವಾಸನೆಯಿಂದಲೇ ಹದವನ್ನು ತಿಳಿದು ಇಳಿಸಿದರು. ಹೊಂಬಣ್ಣದ ಆ ರೊಟ್ಟಿಯನ್ನು ನಾವು ಬೆಲ್ಲದ ಪಾಕದಂತಹ ಕಾಕಂಬಿಯೊಡನೆ ತಿಂದೆವು. ಬಹಳ ಸೊಗಸಾಗಿತ್ತು.

ರೊಟ್ಟಿ ಬೇಯುತ್ತಿದ್ದಾಗ ಆ ತಾಯಿ ತಮ್ಮ ಅಜ್ಜಿಯ ಬಾಲ್ಯವನ್ನು ವರ್ಣಿಸಿದರು. ಈ ಸಂಸ್ಥಾನದ ಪಶ್ಚಿಮಭಾಗದಲ್ಲಿ, ಹುಲ್ಲುಬೇರಿನ ಹೆಂಟೆಗಳನ್ನು ಇಟ್ಟಿಗೆಯಂತೆ ಕತ್ತರಿಸಿ ಕಟ್ಟಿದ ಮನೆಯಲ್ಲಿ ಆಕೆ ಬೆಳೆದಳಂತೆ. ಅಂತಹ ಮನೆಗಳ ಗೋಡೆ ಎರಡು ಮೂರು ಅಡಿ ದಪ್ಪ; ಚಳಿಗಾಲಕ್ಕೆ ಬೆಚ್ಚಗೆ, ಬೇಸಗೆಗೆ ತಂಪು. ಆದರೆ ಛಾವಣಿಯೂ ಮಣ್ಣಿನದೇ ಆದುದರಿಂದ ಮಳೆಗಾಲದಲ್ಲಿ ಕೆಸರಿನ ಹನಿ ಸಾರಿನ ಪಾತ್ರೆಗೇ ತೊಟ್ಟಿಕ್ಕುತ್ತಿತ್ತು. ಒಣದಿನಗಳಲ್ಲಿ ಮಣ್ಣೂ ಹುಳುವೂ ಉದುರುತ್ತಿದ್ದುವು. ಅದಕ್ಕಾಗಿ ಒಲೆಯ ಮೇಲೆ ತೆಳುಬಟ್ಟೆಯನ್ನು ಚಪ್ಪರದಂತೆ ಕಟ್ಟುತ್ತಿದ್ದರು. ಸಾಲಮನ್ ಬುಚರ್ ಎಂಬ ಛಾಯಾಗ್ರಾಹಕನು 1886ರಿಂದ ಮೊದಲುಮಾಡಿ ಕಸ್ಟರ್ ಎಂಬ ಜಿಲ್ಲೆಯಲ್ಲಿ ಇಂತಹ ಮನೆಗಳ ಮುಂದೆ ಸಂಸಾರಗಳನ್ನು ನಿಲ್ಲಿಸಿ ಚಿತ್ರಗಳನ್ನು ತೆಗೆದನು. ಮಗಳು ಅವುಗಳಲ್ಲಿ ಕೆಲವನ್ನು ನಮಗೆ ತೋರಿಸಿದಳು. ಚಿತ್ರಗಳಲ್ಲಿ ಮನೆಯ ಮುಂದೆ ಕುದುರೆ, ಹಸು, ಮೇಜು, ಕುರ್ಚಿ ಎಲ್ಲವೂ ಇವೆ. ಒಲೆ ಒಳಗೇ ಉಳಿದಿದೆ.

ರೈಲು ಬಂದ ಮೇಲೆ ಎರಕದ ಕಬ್ಬಿಣದ ಒಲೆಗಳು ದೊರೆಯತೊಡಗಿದುವು. ಅದರಿಂದ ಬಗ್ಗಿ ನಿಲ್ಲುವುದು ತಪ್ಪಿತು, ಲಂಗದ ಅಂಚಿಗೆ ಕಿಡಿ ಹಾರುವ ಭಯ ಕಡಮೆಯಾಯಿತು. ಆದರೆ ಉರುವಲು? ಮುಸುಕಿನ ಜೋಳದ ದಿಂಡು, ಸೂರ್ಯಕಾಂತಿಯ ಕಡ್ಡಿ, ದನದ ಒಣಸಗಣಿ, ಇವೊಂದೂ ಇಲ್ಲದಾಗ ಒಣಹುಲ್ಲನ್ನು ಹೊಸೆದು ಬಿಗಿಯಾಗಿ ಗಂಟುಹಾಕಿ ಉರಿಸುವುದು. ಹುಲ್ಲು ನಿಮಿಷದಲ್ಲಿ ಬೂದಿಯಾಗುವುದರಿಂದ ಮನೆಯಲ್ಲೊಬ್ಬರು ಹೊಸೆಯುತ್ತಲೇ ಇರಬೇಕು. 1880-81ರ ಚಳಿಗಾಲದಲ್ಲಿ ಉತ್ತರದ ಡಕೋಟದ ಸೀಮೆಯಲ್ಲಿ ಹಿಮದ ಬಿರುಗಾಳಿಯಿಂದ ರೈಲುಗಳು ತಿಂಗಳುಗಟ್ಟಲೆ ನಿಂತುಹೋದಾಗ, ಡಿ ಸ್ಮೆಟ್ ಎಂಬ ಊರಿನಲ್ಲಿ ಲಾರಾ ಇಂಗಲ್ಸ್ ಎಂಬ ಬಾಲಕಿಯ ಮನೆಯವರು ಹೀಗೆಯೇ ಹುಲ್ಲು ಹೊಸೆದು ಬೆಂಕಿಯನ್ನುಳಿಸಿಕೊಂಡರು. ಹಿಟ್ಟು ಮುಗಿದಮೇಲೆ ಬಿತ್ತನೆಯ ಗೋಧಿಯನ್ನು ಕಾಫಿಬೀಜ ಪುಡಿಮಾಡುವ ಪುಟ್ಟ ಯಂತ್ರದಲ್ಲಿ ಹಿಡಿಹಿಡಿಯಾಗಿ ಬೀಸಿ ರೊಟ್ಟಿ ಸುಟ್ಟುಕೊಂಡರು. ಆ ಬಾಲಕಿ ಮುಂದೆ ಪ್ರಸಿದ್ಧ ಲೇಖಕಿಯಾಗಿ, 1940ರಲ್ಲಿ ಆ ಚಳಿಗಾಲದ ಕಥೆಯನ್ನು ಪುಸ್ತಕವಾಗಿ ಪ್ರಕಟಿಸಿದಳು.

ಒಲೆಯ ಶಾಖವನ್ನು ಅಳೆಯುವುದು ಹೇಗೆಂದು ನನ್ನ ಸಹಧರ್ಮಿಣಿ ಕೇಳಿದಳು. ಆ ತಾಯಿ ತಮ್ಮ ಮುಂಗೈಯನ್ನು ಚಾಚಿ ತೋರಿಸಿದರು. ಒಲೆಯ ಗೂಡಿನೊಳಗೆ ಕೈಯಿಟ್ಟು ಎಣಿಸಬೇಕು. ಎಷ್ಟು ಎಣಿಸುವಷ್ಟರಲ್ಲಿ ಕೈ ತಾಳದಾಗುವುದೋ ಅದರ ಮೇಲೆ ರೊಟ್ಟಿಗೆ ಯೋಗ್ಯವೋ ಸಿಹಿ ತಿನಿಸಿಗೆ ಯೋಗ್ಯವೋ ಎಂದು ತೀರ್ಮಾನ. ಹುಳಿಹಿಟ್ಟಿನ ಹೆಪ್ಪನ್ನು ಚಳಿಗೆ ಸಾಯದಂತೆ ರಾತ್ರಿ ಕಂಬಳಿಯಲ್ಲಿ ಸುತ್ತಿ ಹತ್ತಿರವಿಟ್ಟುಕೊಂಡು ಮಲಗುವುದೂ ಉಂಟಂತೆ. ಈ ಮಾತಿಗೆ ನನ್ನವಳು ತಲೆದೂಗಿದಳು. ಧನುರ್ಮಾಸದ ಚಳಿಯಲ್ಲಿ ದೋಸೆಯ ಹಿಟ್ಟಿನ ಪಾತ್ರೆಯನ್ನು ಒಲೆಯ ಮಗ್ಗುಲಿನಲ್ಲಿ ಗೋಣಿ ಹೊದಿಸಿ ಇಡುತ್ತಿದ್ದವಳು ಅವಳು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಪೂರ್ತಿಯಾಗಿ ಬಾರದು. ಆದರೂ ಆ ಹಿತ್ತಿಲಿನಲ್ಲಿ ಮಾತಿಗೆ ಕೊರತೆಯಾಗಲಿಲ್ಲ. ಹೊರಡುವಾಗ ನಾನು, ಆ ಹಳೆಯ ಕಬ್ಬಿಣದ ಒಲೆಯನ್ನು ಉಳಿಸಿಕೊಂಡಿದ್ದೀರಾ, ಎಂದು ಕೇಳಿಸಿದೆನು. ಈ ದೇಶದಲ್ಲಿ 1935ರ ಹೊತ್ತಿಗೆ ಹತ್ತು ಹಳ್ಳಿಮನೆಗಳಲ್ಲಿ ಒಂಬತ್ತಕ್ಕೆ ವಿದ್ಯುತ್ತು ಇರಲಿಲ್ಲ. ಆ ವರ್ಷ ಸರಕಾರವು ಅದಕ್ಕಾಗಿಯೇ ಒಂದು ಇಲಾಖೆಯನ್ನು ತೆರೆದಮೇಲೆ ತಂತಿಗಳು ನಿಧಾನವಾಗಿ ಹೊಲಗಳತ್ತ ಬಂದುವು. ಅವರ ಮನೆಗೆ ಬಂದಾಗ ಆ ತಾಯಿ ಇನ್ನೂ ಬಾಲಕಿ. "ವಿದ್ಯುತ್ತಿನ ಒಲೆ ಬಂದ ದಿನವೇ ಅಜ್ಜಿ ಹಳೆಯ ಒಲೆಯನ್ನು ಕೋಳಿಯ ಗೂಡಿನ ಹಿಂದಕ್ಕೆ ಸಾಗಿಸಿಬಿಟ್ಟರು. ಮತ್ತೆ ಅದರ ಮಾತೆತ್ತಿದುದನ್ನು ನಾನು ಕೇಳಲಿಲ್ಲ" ಎಂದರು.

ಜೂನ್ ತಿಂಗಳ ಕೊನೆಯಲ್ಲಿ ನಾವು ಲಿಂಕನ್ನಿಗೆ ದಕ್ಷಿಣಕ್ಕೆ 40 ಮೈಲಿ ದೂರದ ಬಿಯಾಟ್ರಿಸ್ ಎಂಬ ಊರಿಗೆ ಹೋದೆವು. ಅಧ್ಯಕ್ಷ ಅಬ್ರಹಾಂ ಲಿಂಕನ್ನನು 1862ನೆಯ ಮೇ 20ರಂದು ಒಂದು ಶಾಸನಕ್ಕೆ ಸಹಿ ಹಾಕಿದನು. ಅದರ ಮೇರೆಗೆ 160 ಎಕರೆ ಸರಕಾರಿ ನೆಲವನ್ನು ಹಿಡಿದು, ಐದು ವರ್ಷ ಅಲ್ಲಿಯೇ ವಾಸಿಸಿ ಸಾಗುವಳಿ ಮಾಡಿದವನಿಗೆ ಅದು ಸ್ವಂತವಾಗುತ್ತಿತ್ತು. ಶಾಸನವು ಜಾರಿಗೆ ಬಂದ 1863ನೆಯ ಜನವರಿ 1ರಂದೇ ಅರ್ಜಿ ಹಾಕಿದ ಡೇನಿಯಲ್ ಫ್ರೀಮನ್ ಎಂಬಾತನ ಹೊಲವೇ ಈಗ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಗಿದೆ. ಆ ನೆಲ ಯಾರದೂ ಅಲ್ಲದ ಬಯಲಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಓಟೋ-ಮಿಸೌರಿಯ ಮತ್ತು ಪಾನಿ ಎಂಬ ಮೂಲನಿವಾಸಿಗಳು ಈ ಸೀಮೆಯವರು. ಪಾನಿ ಹೆಂಗಸರು ಮುಸುಕಿನ ಜೋಳವನ್ನು ಬೆಳೆದು ಒಣಗಿಸಿ ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಹೊಸಬರ ರೊಟ್ಟಿಯ ಜೋಳ ಮೂಲತಃ ಇಂತಹವರದು. ಕೊನೆಗೆ ಇಬ್ಬರೂ 19ನೆಯ ಶತಮಾನ ಮುಗಿಯುವುದರೊಳಗೆ ತಮ್ಮ ನೆಲವನ್ನು ಬಿಟ್ಟು ದೂರದ ಓಕ್ಲಹೋಮಕ್ಕೆ ಹೋಗಬೇಕಾಯಿತು.

ಆ ಉದ್ಯಾನದಲ್ಲಿ 1867ರಲ್ಲಿ ಕಟ್ಟಿದ ಮರದ ದಿಮ್ಮಿಯ ಮನೆಯೊಂದನ್ನು ಬೇರೊಂದು ಹೊಲದಿಂದ ತಂದು ಇರಿಸಿದ್ದಾರೆ. ಅಳತೆ 14 ಅಡಿಗೆ 16 ಅಡಿ. ಅಷ್ಟರಲ್ಲಿಯೇ ಅಡಿಗೆ, ಊಟ, ಮಕ್ಕಳ ನಿದ್ರೆ ಎಲ್ಲವೂ. ನಾನು ಬಾಗಿಲಿನಲ್ಲಿ ನಿಂತು, "ಎಂತಹ ಸರಳ ಜೀವನ! ಒಂದು ಒಲೆಯ ಸುತ್ತ ಇಡೀ ಸಂಸಾರ! ನಮ್ಮ ಹಿಂದಿನವರೂ ಹೀಗೆಯೇ ಅಲ್ಲವೆ?" ಎಂದೆನು. ನನ್ನ ಸಹಧರ್ಮಿಣಿ ಅಷ್ಟು ಹೊತ್ತೂ ಛಾವಣಿಯ ಕಡೆ ನೋಡುತ್ತಿದ್ದವಳು ಅಳಿಯನನ್ನು, "ಹೊಗೆ ಹೋಗುವುದಕ್ಕೆ ಕೊಳವೆ ಇತ್ತೇನಪ್ಪ ಇವರಿಗೆ?" ಎಂದು ಕೇಳಿದಳು. ಇರುತ್ತಿತ್ತು ಅತ್ತೆ, ಎಂದು ಅವನೆಂದನು. "ಹಾಗಾದರೆ ಪುಣ್ಯವಂತರು. ನನಗೂ ನಮ್ಮ ಅತ್ತೆಯವರಿಗೂ ಅದೂ ಇರಲಿಲ್ಲ" ಎಂದಳು. ಕೋಪದಿಂದ ಹೇಳಿದ ಮಾತಲ್ಲ. ಹೇಳಿ, ಮಗಳೊಡನೆ ಹೊರಗಿನ ಹುಲ್ಲಿನ ಕಡೆಗೆ ನಡೆದುಹೋದಳು.

ನಾನು ಮೂವತ್ತು ವರ್ಷ ಸಂಸ್ಕೃತವನ್ನು ಬೋಧಿಸಿದವನು. ತರ್ಕಶಾಸ್ತ್ರದಲ್ಲಿ ಅನುಮಾನಕ್ಕೆ ಕೊಡುವ ಉದಾಹರಣೆ ಪ್ರಸಿದ್ಧವಾಗಿದೆ. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ. ಹೊಗೆಯಿರುವ ಕಡೆ ಬೆಂಕಿಯಿರುತ್ತದೆ. ಅದಕ್ಕೆ ದೃಷ್ಟಾಂತ ಮಹಾನಸ, ಎಂದರೆ ಅಡಿಗೆಮನೆ. ಮಕ್ಕಳಿಗೆ ಇದನ್ನು ನೂರಾರು ಸಲ ಹೇಳಿದ್ದೇನೆ. ಆ ಅಡಿಗೆಮನೆಯಲ್ಲಿ ಹೊಗೆಯೂ ಬೆಂಕಿಯೂ ಇವೆಯೆಂದು ಹೇಳಿದೆನೇ ಹೊರತು, ಅಲ್ಲಿ ಒಬ್ಬಳು ಕುಳಿತಿರುವಳೆಂಬುದು ನನ್ನ ಬುದ್ಧಿಗೆ ಹೊಳೆದಿರಲಿಲ್ಲ.

ಹಾಸನದ ಸೀಮೆಯ ನಮ್ಮ ಹಳ್ಳಿಯ ಮನೆಯ ಅಡಿಗೆಮನೆಗೆ ಇದ್ದುದು ಒಂದು ಬೆಳಕಿಂಡಿ. ನಮ್ಮ ತಾಯಿಯವರು ಹಸಿಸೌದೆಯ ಮುಂದೆ ಕುಳಿತು ಊದುಗೊಳವೆಯಿಂದ ಊದಿ ಊದಿ ಕೆಮ್ಮುತ್ತಿದ್ದರು. ನಾನು ನಡುಮನೆಯಲ್ಲಿ ಕುಳಿತು ಶಬ್ದರೂಪಗಳನ್ನು ಬಾಯಿಪಾಠ ಮಾಡುತ್ತಿದ್ದೆನು. ಆ ಕೆಮ್ಮು ನನ್ನ ಪಾಠಕ್ಕೆ ತಾಳದಂತೆ ಇರುತ್ತಿತ್ತು. 1990ರಲ್ಲಿ ನನ್ನ ಮದುವೆಯಾಯಿತು. ಬಂದ ಸೊಸೆ ಅದೇ ಒಲೆಯ ಮುಂದೆ ಕುಳಿತಳು. ಆ ಕಾಲಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಹಳ್ಳಿಗಳಿಗೆ ಬಂದಿತ್ತು. ಸೌದೆ ಕಡಮೆ ಸಾಕು; ಹೊಗೆ ಕೊಳವೆಯ ಮೂಲಕ ಹೊರಕ್ಕೆ ಹೋಗುತ್ತದೆ. ನೆರೆಯ ಊರಿನ ಕೆಲವು ಮನೆಗಳಲ್ಲಿ ಹಾಕಿಸಿಕೊಂಡರು. ಛಾವಣಿಗೆ ತೂತು ಮಾಡುವುದು ನಮ್ಮ ಮನೆಗೆ ಬೇಡವೆಂದೆನು. ಎರಡು ವರ್ಷಗಳ ತರುವಾಯ ಪಟ್ಟಣದಲ್ಲಿದ್ದ ನನ್ನ ತಮ್ಮನು ಅನಿಲದ ಒಲೆಯೊಂದನ್ನು ಕೊಡಿಸುವೆನೆಂದಾಗಲೂ, ಸೌದೆಯ ಒಲೆಯ ರುಚಿ ಅದಕ್ಕೆ ಬಾರದೆಂದು ಹೇಳಿ ಕಳುಹಿಸಿದೆನು. ಮನೆಯಲ್ಲಿ ಊಟ ಮಾಡುತ್ತಿದ್ದವನು ನಾನು. ಅಡಿಗೆ ಮಾಡುತ್ತಿದ್ದವರನ್ನು ಯಾರೂ ಕೇಳಲಿಲ್ಲ. ತಾಯಿಯವರ ಉಸಿರಾಟ ವರ್ಷದಿಂದ ವರ್ಷಕ್ಕೆ ಕಷ್ಟವಾಯಿತು. ನೋಡಿದ ವೈದ್ಯರು, ಇವರು ಬೀಡಿ ಸೇದುತ್ತಿದ್ದರೆ, ಎಂದು ಕೇಳಿದರು. ಇಲ್ಲವೆಂದಾಗ, ಹಾಗಾದರೆ ಒಲೆಯ ಹೊಗೆ, ಎಂದರು. 1997ರಲ್ಲಿ ಅವರು ತೀರಿಕೊಂಡರು. ಮರುವರ್ಷ ಅನಿಲದ ಒಲೆಯನ್ನು ತರಿಸಿದೆನು. ಅದನ್ನು ಹಚ್ಚಿದ ಮೊದಲನೆಯ ದಿನ ನನ್ನ ಸಹಧರ್ಮಿಣಿ ಏನೂ ಹೇಳಲಿಲ್ಲ. ನಾನೂ ಏನೂ ಕೇಳಲಿಲ್ಲ. ಇಪ್ಪತ್ತೇಳು ವರ್ಷಗಳ ಮೇಲೆ, ಯಾರದೋ ಮನೆಯ ಛಾವಣಿಯನ್ನು ನೋಡಿ ಒಂದು ಮಾತು ಹೇಳಿದಳು.

ಹೊರಗೆ, ಎದೆಯೆತ್ತರಕ್ಕೆ ಬೆಳೆದ ಹುಲ್ಲಿನ ನಡುವಣ ಕಾಲುದಾರಿಯಲ್ಲಿ ಅವಳ ಹತ್ತಿರಕ್ಕೆ ಹೋಗಿ, "ಆಗಲೇ ಏಕೆ ಹೇಳಲಿಲ್ಲ?" ಎಂದು ಕೇಳಿದೆನು. "ಅತ್ತೆಯವರೇ ಹೇಳುತ್ತಿರಲಿಲ್ಲ. ಅವರಿಗಿಂತ ಮುಂಚೆ ನಾನು ಹೇಳುವುದು ಹೇಗೆ?" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ನೀವು ಹೊಗಳುವಾಗಲೆಲ್ಲ ಅವರಿಗೆ ಸಂತೋಷವಾಗುತ್ತಿತ್ತು, ಅದೂ ನಿಜ" ಎಂದು ಸೇರಿಸಿದಳು. ಅದನ್ನು ಕೇಳಿ ನನಗೆ ಸಮಾಧಾನವಾಗಲಿಲ್ಲ.

ಪ್ಲಾಟ್ ನದಿಯ ದಡದಲ್ಲಿ ಸಗಣಿಯನ್ನು ಆಯ್ದವರ, ಹುಲ್ಲನ್ನು ಹೊಸೆದವರ, ಕೈಯನ್ನೇ ಶಾಖದ ಅಳತೆಗೋಲು ಮಾಡಿಕೊಂಡವರ ಜಾಣತನವನ್ನು ನಾನು ಈಗಲೂ ಮೆಚ್ಚುತ್ತೇನೆ. ಏನೂ ಇಲ್ಲದೆಡೆಯಲ್ಲಿ ಮಕ್ಕಳ ಹೊಟ್ಟೆಯನ್ನು ತುಂಬಿದ ವಿದ್ಯೆ ಸಾಮಾನ್ಯವಾದುದಲ್ಲ. ಆದರೆ ಬೇರೆ ದಾರಿ ಸಿಕ್ಕೊಡನೆ ಅವರು ಹಳೆಯ ಒಲೆಯನ್ನು ಕೋಳಿಗೂಡಿನ ಹಿಂದಕ್ಕೆ ಸಾಗಿಸಿದರು. ಅದರಲ್ಲಿಯೂ ಅವರದು ಜಾಣತನವೇ.

ವಾಚಕ ಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಮನೆಯಲ್ಲಿ ಹಿರಿಯ ಹೆಂಗಸರಿದ್ದರೆ, ಹಿಂದಿನ ಅಡಿಗೆಯ ರುಚಿಯನ್ನು ಅವರ ಮುಂದೆ ವರ್ಣಿಸುವುದಕ್ಕೆ ಮುಂಚೆ, ಆ ಒಲೆಯ ಮುಂದೆ ಅವರಿಗೆ ಹೇಗಿತ್ತೆಂದು ಒಂದು ಸಲ ಕೇಳಿರಿ. ನಾನು ತಾಯಿಯವರನ್ನು ಕೇಳಲಿಲ್ಲ, ಇನ್ನು ಕೇಳುವಂತಿಲ್ಲ. ಊರಿಗೆ ಮರಳಿದಮೇಲೆ ಬೆಳಗಿನ ಕಾಫಿಯನ್ನು ಮಾಡುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ಮೊದಲ ಕೆಲವು ದಿನ ಹಾಲು ಉಕ್ಕಿಹೋಯಿತು. ಈಗ ಹದ ತಿಳಿಯುತ್ತಿದೆ.